ಅಜ್ಜಿಯರ ಪಾಲಿನ ಕಡಲು

ಜೇಜು ದ್ವೀಪದ ಆ ಹಳ್ಳಿಯಲ್ಲಿ ದಡಕ್ಕೆ ಹತ್ತಿರದ, ಆಳವಿಲ್ಲದ ನೀರು ಅಜ್ಜಿಯರದು. ದೂರ ಈಜಲಾರದ ಮುದುಕಿಯರು ಅಲ್ಲಿ ಮುಳುಗಿ ಚಿಪ್ಪುಮೀನು ಹೆಕ್ಕಿಕೊಳ್ಳಬೇಕು. ಗಟ್ಟಿ ಉಸಿರಿನ ಹೆಂಗಸರು ಅತ್ತ ಕಣ್ಣೆತ್ತಿಯೂ ನೋಡಬಾರದು. ಹೀಗಿರುವಾಗ ಊರಿಗೇ ಮೇಲಾದ ಮುಳುಗುಗಾರ್ತಿ ಇನ್ಸಿಮ್ ಅದೇ ನೀರಲ್ಲಿ ಬಲೆಚೀಲ ತುಂಬಿಕೊಳ್ಳುತ್ತಾ ಸಿಕ್ಕಿಬಿದ್ದಳು.

ಯಾರೂ ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು. ನೀರಿನಿಂದ ಬಂದವರು ಮೈ ಕಾಯಿಸಿಕೊಳ್ಳುವ ಬೆಂಕಿಯ ಬಳಿ ಇನ್ಸಿಮ್ ಕೂತರೆ ಎಲ್ಲರ ಮಾತು ನಿಲ್ಲುತ್ತಿತ್ತು. ಕಡಲಿಗಿಳಿಯುವಾಗ ಅವಳಿಗೆ ಯಾರೂ ಜೊತೆಯಾಗಲಿಲ್ಲ. ಆಳಕ್ಕೆ ಹೋಗುವವರಿಗೆ ಜೊತೆಯೆಂದರೆ ಪ್ರಾಣ. ಒಬ್ಬಳು ಮುಳುಗಿದಾಗ ಇನ್ನೊಬ್ಬಳು ಮೇಲಿದ್ದು, ಅವಳು ಮೇಲೆ ಬಂದು ಬಿಡುವ ಉಸಿರಿನ ಸಿಳ್ಳೆಗೆ ಕಿವಿಗೊಟ್ಟಿರಬೇಕು. ಕೆಟ್ಟವಳ ಜೊತೆ ಹೋದವಳೂ ಕೆಟ್ಟವಳೇ ಎಂದು ಮಾತಿಲ್ಲದೆಯೇ ತೀರ್ಮಾನವಾಗಿತ್ತು.

ಆ ಊರಿಗೆ ಸೊಸೆಯಾಗಿ ಬಂದಂದಿನಿಂದ ಡಕ್ಸಿಲ್ ಇನ್ಸಿಮ್‌ಗೇ ಜೊತೆಯಾಗಿದ್ದಳು. ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೇ. ಚಳಿಗಾಲದಿಂದ ಇನ್ಸಿಮ್ ಆಳದಲ್ಲಿ ಉಸಿರು ಸಾಲದೆ ಎದೆ ಹಿಡಿದುಕೊಂಡೇ ಮೇಲೇಳುತ್ತಿದ್ದಳು. ಬರಿಗೈಲಿ ದಡ ಹತ್ತಲು ನಾಚಿಕೆಯಾಗಿ ಅಜ್ಜಿಯರ ಪಾಲಿಗೆ ಕೈಹಾಕಿದ್ದಳು. ಬಾಯಿಬಿಟ್ಟು ಕೇಳಿದ್ದರೆ ಅಜ್ಜಿಯರೇ ಜಾಗ ಕೊಡುತ್ತಿದ್ದರು. ಕೇಳುವ ಪೈಕಿಯಲ್ಲ ಅವಳು.

"ಕಳ್ಳಿ ಅನ್ಲಿ, ತಡ್ಕೋತೀನಿ. ಕೈಲಾಗದವಳು ಅಂತ ಮಾತ್ರ ಅನ್ನಿಸ್ಕೊಳಲ್ಲ ಕಣೇ," ಎಂದಿದ್ದಳು. "ನೀನು ಬಾಯ್ಬಿಟ್ರೆ ನಂಗೂ ನಿಂಗೂ ಅಲ್ಲಿಗೆ ಮುಗೀತು."

ಡಕ್ಸಿಲ್ ಬಾಯಿಬಿಡಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಎಲ್ಲರ ಹಾಗೆ ಅವಳೂ ಬೆಂಕಿಯ ಇನ್ನೊಂದು ಮಗ್ಗುಲಿಗೆ ಸರಿದು ಕೂತಳು, ಮುಳುಗುಗಾರ್ತಿಯರಿಗೆಲ್ಲ ಹಿರಿಯಳಾದ ಓಬುನ್ ಗೊತ್ತುಮಾಡಿದ ಹೊಸ ಜೊತೆಗಾತಿಯ ಹಿಂದೆ ಹೋದಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಇನ್ಸಿಮ್ ಒಬ್ಬಳೇ ಆಳಕ್ಕೆ ಹೋದಳು. ಡಕ್ಸಿಲ್ ದೂರದಿಂದ ಅವಳ ಬಲೆಚೀಲ ಕಟ್ಟಿದ ತೇಲುಗುಂಡನ್ನೇ ನೋಡುತ್ತಿದ್ದಳು. ಇನ್ಸಿಮ್ ಮುಳುಗಿದಳು. ಸಿಳ್ಳೆ ಕೇಳಲಿಲ್ಲ. ಡಕ್ಸಿಲ್ ತನ್ನ ಜೊತೆಗಾತಿಯನ್ನು ಅಲ್ಲೇ ಬಿಟ್ಟು ಈಜಿದಳು, ಮುಳುಗಿ ಅವಳ ತೋಳಿಗೆ ಕೈಹಾಕಿ ಎಳೆದು ತಂದಳು. ದಡದಲ್ಲಿ ಇನ್ಸಿಮ್ ಉಪ್ಪುನೀರು ಕಾರಿ ಕಣ್ಣು ಬಿಟ್ಟಳು.

ಜೊತೆಯವಳನ್ನು ಬಿಟ್ಟು ಕಳ್ಳಿಯ ಹಿಂದೆ ಯಾಕೆ ಓಡಿದೆ ಎಂದು ಓಬುನ್ ಗದರಿದಾಗ ಡಕ್ಸಿಲ್‌ಗೆ ತಡೆಯಲಾಗಲಿಲ್ಲ. ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು.

ಗಾಳಿ ತಿರುಗಲು ಎಷ್ಟು ಹೊತ್ತು! ಕಳ್ಳಿ ಎಂದ ಬಾಯಿಗಳೇ ಲೊಚಗುಟ್ಟಿದವು. ಅಜ್ಜಿಯರು ಕಣ್ಣೊರೆಸಿಕೊಂಡು ತಮ್ಮ ತಮ್ಮ ಚೀಲದಿಂದ ಒಂದೊಂದು ಹಿಡಿ ಚಿಪ್ಪು ಇನ್ಸಿಮ್‌ಳ ಚೀಲಕ್ಕೆ ಸುರಿದರು. ನಾಳೆಯಿಂದ ನಮ್ಮ ಜೊತೆಗೇ ಬಾ ಎಂದರು. ಇನ್ಸಿಮ್ ಬೆಂಕಿಯ ಸುತ್ತಲಿನ ಕಲ್ಲುಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

ಆಮೇಲೆ ಓಬುನ್ ಡಕ್ಸಿಲ್‌ಳನ್ನು ಮೆಲ್ಲಗೆ ಕೇಳಿದಳು: "ನಿಂಗೆ ಯಾವಾಗಿಂದ ಗೊತ್ತಿತ್ತೇ ಇದು?"

"ಚಳಿಗಾಲದಿಂದ, ಅಕ್ಕ."

"ಗೊತ್ತಿದ್ದೂ ನಮ್ ಜೊತೇನೇ ಕೂತು ಬೆಂಕಿ ಕಾಯಿಸ್ಕೊಂಡೆ. ನಮ್ ಕೈಲಿ ಪಾಪ ಮಾಡಿಸ್ದೆಯಲ್ಲೇ."

ಅವಳನ್ನು ಒಂಟಿ ಮಾಡಿದವರು ನೀವಲ್ಲವೇ ಎಂಬ ಮಾತು ಡಕ್ಸಿಲ್‌ಳ ನಾಲಿಗೆಯ ತುದಿಗೆ ಬಂತು. ಆದರೆ ತಾನೂ ಆ ಸಾಲಲ್ಲೇ ಕೂತಿದ್ದಳು.

ಮರುದಿನ ಎಲ್ಲರೂ ಇಬ್ಬಿಬ್ಬರಾಗಿ ನೀರಿಗಿಳಿಯತೊಡಗಿದರು. ಹೊಸ ಜೊತೆಗಾತಿ ಬೇರೊಬ್ಬಳ ಪಕ್ಕ ನಿಂತಿದ್ದಳು. ಡಕ್ಸಿಲ್ ಓಬುನ್‌ಳ ಮುಖ ನೋಡಿದಳು. ಓಬುನ್ ನೀರಿಗಿಳಿಯುವಾಗ ಹಾಕುವ ಕನ್ನಡಕ ಒರೆಸುವುದರಲ್ಲೇ ಮಗ್ನಳಾಗಿದ್ದಳು.

ಅಜ್ಜಿಯರ ನೀರಿನಲ್ಲಿ, ಸೊಂಟದವರೆಗಿನ ಅಲೆಯಲ್ಲಿ ಇನ್ಸಿಮ್ ನಿಂತಿದ್ದಳು. "ಅಕ್ಕ," ಎಂದು ಕರೆದಳು ಡಕ್ಸಿಲ್.

ಇನ್ಸಿಮ್ ತಲೆಯೆತ್ತಿದಳು. ಸುತ್ತಲಿದ್ದ ಅಜ್ಜಿಯರನ್ನು ನೋಡಿದಳು, ದೂರದ ಓಬುನ್‌ಳನ್ನು ನೋಡಿದಳು. ಆಮೇಲೆ ಏನೂ ಕೇಳಿಸದವಳ ಹಾಗೆ ಬಗ್ಗಿ ಮುಖವನ್ನು ನೀರಿಗಿಟ್ಟಳು.

ಡಕ್ಸಿಲ್ ಒಬ್ಬಳೇ ಆಳದ ಕಡೆ ಈಜಿದಳು.