ವಿಳಾಸದಾರ ಮನೆಯಲ್ಲಿಲ್ಲ

ಜನರೆಲ್ಲ ಹುಟ್ಟು, ಸಾವು, ಜಗಳಗಳನ್ನೆಲ್ಲ ಮೊಬೈಲಿನಲ್ಲೇ ಮುಗಿಸಿಕೊಳ್ಳತೊಡಗಿದ ಮೇಲೆ ಅಂಚೆಯಣ್ಣನ ಚೀಲದ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮೂವತ್ತೊಂದು ವರ್ಷ ಅದೇ ನಾಲ್ಕು ಬೀದಿ ಸವೆಸಿದ ಮನುಷ್ಯ, ಕಚೇರಿಯಲ್ಲಿ ಉಳಿದಿದ್ದ ಕೊನೆಯ ಪೋಸ್ಟ್‌ಮನ್. ಅವನ ಬೀಟನ್ನೂ ರದ್ದು ಮಾಡಿ ಅವನನ್ನು ಮನೆಗೆ ಕಳಿಸಲು ಮೇಲಿನವರು ತೀರ್ಮಾನಿಸಿದರು. ಸಕಲವನ್ನೂ ಮೊಬೈಲಿನಲ್ಲೇ ತಿಳಿಸುವ ಆ ಮಹಾನುಭಾವರು ಇದೊಂದನ್ನು ಮಾತ್ರ ಹಾಗೆ ತಿಳಿಸುವಂತಿರಲಿಲ್ಲ. ಆದೇಶ ರಿಜಿಸ್ಟರ್ಡ್ ಅಂಚೆಯಲ್ಲಿ ಮನೆಗೇ ಹೋಗಬೇಕು, ವಿಳಾಸದಾರನೇ ಅಲ್ಲಿ ಸಹಿ ಹಾಕಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಅದು ಜಾರಿಯಾಗುವುದಿಲ್ಲ.

ಅವನ ಮನೆ ಇದ್ದದ್ದು ಅವನದೇ ಬೀಟಿನಲ್ಲಿ.

ಆದೇಶದ ಲಕೋಟೆ ಚೀಲಕ್ಕೆ ಬಿದ್ದ ದಿನ, ಹನ್ನೊಂದು ಗಂಟೆಗೆ ಅವನು ತನ್ನ ಮನೆಯ ಬಾಗಿಲು ತಟ್ಟಿದ. ಹೆಂಡತಿ ಬಂದಳು.

"ಇವರು ಇದಾರಾ?" ಎಂದು ಲಕೋಟೆಯ ಮೇಲಿನ ಹೆಸರು ತೋರಿಸಿದ.

ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಬಿಡಿಸಿ ಹೇಳಬೇಕೇ? "ಈ ಹೊತ್ತಲ್ಲಿ ಎಲ್ಲಿರ್ತಾರೆ? ಡ್ಯೂಟಿಗೆ ಹೋಗಿದಾರೆ," ಅಂದಳು.

ಅವನು ಜನ್ಮದಲ್ಲಿ ಸುಳ್ಳು ಷರಾ ಬರೆದವನಲ್ಲ. 'ವಿಳಾಸದಾರ ಮನೆಯಲ್ಲಿಲ್ಲ' ಎಂದು ಬರೆದ. ಮೂರು ದಿನ ಹೀಗೇ ಆಗಿ ಲಕೋಟೆ ವಾಪಸು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಪೋಸ್ಟ್‌ಮಾಸ್ಟರಿಗೆ ತಲೆ ಕೆಟ್ಟು ಕೆರ ಹಿಡಿಯಿತು. "ನಾಳೆ ರಜಾ ತಗೊಳಪ್ಪ. ಮನೇಲಿ ಕೂತು ಕಾಗದ ಇಸ್ಕೋ."

ಮರುದಿನ ಅವನು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಕುರ್ಚಿ ಹಾಕಿ ಕೂತ. ಹನ್ನೊಂದಾಯಿತು, ಹನ್ನೆರಡಾಯಿತು. ಸೈಕಲ್ ಬೆಲ್ ಕೇಳಿದಾಗಲೆಲ್ಲ ಎದ್ದು ನಿಂತ. ಮೂರಕ್ಕೆ ಸಿಟ್ಟು ಬಂತು, ನಾಲ್ಕಕ್ಕೆ ಹೊಸ್ತಿಲಿಗೆ ಬಂದು ಬೀದಿಯ ತುದಿಯವರೆಗೆ ಕಣ್ಣು ಹಾಯಿಸಿದ. ಬಾಗಿಲ ಹಿಂದೆ ಜನ ತನಗಾಗಿ ಹೀಗೆ ಕಾಯುತ್ತಿದ್ದರೆಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

"ಯಾರಿಗೆ ಕಾಯ್ತಿದೀರಿ?" ಎಂದಳು ಹೆಂಡತಿ.

"ಪೋಸ್ಟ್‌ಮನ್‌ಗೆ ಕಣೇ. ಬರಲೇ ಇಲ್ಲ."

"ರೀ, ರಜಾ ಹಾಕಿ ಕೂತಿರೋರು ನೀವೇ ಅಲ್ವಾ?"

"ಅದು ಅವನ ಹಣೆಬರಹ. ನನ್ನ ಕಾಗದದ ಗತಿ ಏನು?"

ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅವನು ಖಾಕಿ ಯೂನಿಫಾರ್ಮಿನಲ್ಲೇ ಸಾರ್ವಜನಿಕರ ಸಾಲಿನಲ್ಲಿ ನಿಂತಿದ್ದ. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ದೂರು ಬರೆದುಕೊಟ್ಟ: 'ನಿನ್ನೆ ನಮ್ಮ ಬೀದಿಗೆ ಪೋಸ್ಟ್‌ಮನ್ ಬಂದಿಲ್ಲ. ನನಗೆ ಮುಖ್ಯವಾದ ಕಾಗದ ಬರುವುದಿದೆ. ದಯವಿಟ್ಟು ಪ್ರತಿದಿನ ತಪ್ಪದೆ ಕಳಿಸಬೇಕು.'

ಪೋಸ್ಟ್‌ಮಾಸ್ಟರು ಎರಡು ಸಲ ಓದಿದರು. ಅವನ ಕೆಂಪಗಾದ ಕಣ್ಣು ನೋಡಿದರು. ಆಮೇಲೆ ಲಕೋಟೆಯನ್ನೂ ಚೀಲವನ್ನೂ ಅವನ ಮುಂದೆ ತಳ್ಳಿದರು.

"ಇವತ್ತಾದ್ರೂ ಹೋಗಿ ಕೊಡು ಮಹರಾಯ. ಪಾಪ, ಅವರು ನಿನ್ನೆಯಿಂದ ಕಾಯ್ತಿದಾರಂತೆ."