ಮೊದಲು ಸೋಪು, ಆಮೇಲೆ ಸೂಜಿ

"ನಾಯಿ ಕಚ್ಚಿದ್ದು ಮಗಳಿಗೆ, ಹುಚ್ಚು ಹಿಡಿದಿರೋದು ಅಪ್ಪನಿಗೆ," ಎಂದ ಅಣ್ಣ. ಲಾಂಡ್ರಿಗೆ ಬಟ್ಟೆ ತಂದಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಮಗಳ ಕೂಗು ಕೇಳಿ ಇಸ್ತ್ರಿ ಬಿಟ್ಟು ಹಾರಿ ಬಂದಿದ್ದ ತಮ್ಮನ ಮುಖ ಕೆಂಡವಾಯಿತು. ಬೀದಿಯ ನಾಯಿಮರಿಯೊಂದು ಮಗಳ ಮೀನಖಂಡಕ್ಕೆ ಹಲ್ಲು ತಾಗಿಸಿತ್ತು; ಅಣ್ಣ ಅದನ್ನು ಓಡಿಸಿ ಬಂದಿದ್ದ. ಒಂದು ಹನಿ ರಕ್ತ. ಬಿಳಿ ಬಟ್ಟೆಗೆ ರಕ್ತವಾದರೆ ಅವನ ಕೈ ತಾನಾಗಿ ಬ್ಲೀಚಿಗೆ ಹೋಗುತ್ತಿತ್ತು. ಈಗಲೂ ಹೋಯಿತು.

"ಅದೇನು ದಿಂಬಿನ ಕವರಾ? ಇಡೋ ಕೆಳಗೆ," ಎಂದು ಅಣ್ಣತಮ್ಮಂದಿರ ದೊಡ್ಡಮ್ಮ ಡಬ್ಬಿ ಕಿತ್ತುಕೊಂಡಳು. ಮಗುವಿನ ಕಾಲನ್ನು ನಲ್ಲಿಯ ಕೆಳಗಿಟ್ಟು ಸೋಪು ಹಚ್ಚಿದಳು.

"ಸಾಕು ದೊಡ್ಡಮ್ಮ, ರಕ್ತ ನಿಂತಿದೆ," ಎಂದ ತಮ್ಮ.

"ನಿಂತರೇನು? ಕಾಲು ಗಂಟೆ ತೊಳೀಬೇಕು. ವೈರಸ್ಸಿನ ಡಾಕ್ಟರಮ್ಮ ನನಗೇ ಹೇಳಿದ್ದು. ಅವರ ಕೋಟು ಒಗೀತಿದ್ದವಳು ನಾನು. ರೇಬಿಸ್ ಲಸಿಕೆಗೇ ಆಯಸ್ಸು ಸವೆಸಿದವರು. ಆಗೆಲ್ಲ ಹೊಟ್ಟೆಗೆ ಚುಚ್ಚೋರು. ಹೆದರಿ ಅರ್ಧಕ್ಕೇ ಓಡಿ ಬರೋರು ಜನ. ನನ್ನ ತಮ್ಮನೂ ಓಡಿ ಬಂದ." ಅವಳು ಇನ್ನೊಮ್ಮೆ ಸೋಪು ಹಚ್ಚಿದಳು. "ಉಳೀಲಿಲ್ಲ. ಅವರಂಥವರು ದುಡಿದೂ ದುಡಿದೂ ಸೂಜೀನ ತೋಳಿಗೆ ತಂದ್ರು. 'ನನ್ನ ಸೂಜಿ ಆಮೇಲೆ ಕಣಮ್ಮ, ನಿನ್ನ ಸೋಪೇ ಮೊದಲು' ಅನ್ನೋರು. ಅವರು ಹೋದ್ರು. ಸೂಜಿ ಇದೆಯಲ್ಲ."

"ಇಷ್ಟು ಗೀರಿದ್ದಕ್ಕೂ ಸೂಜಿನಾ?" ಅಣ್ಣನ ಕೊಂಕು ನಿಲ್ಲಲಿಲ್ಲ.

"ಗೀರಾದ್ರೂ ಬೇಕು, ಮರಿಯಾದ್ರೂ ಬೇಕು. ಕಾಯಿಲೆ ತಲೆಗೇರಿದ ಮೇಲೆ ಮದ್ದಿಲ್ಲ. ಮರಿ ಓಡಿಸಿ ಬಂದಾಗಿಂದ ಕೈ ಯಾಕೆ ಬೆನ್ನ ಹಿಂದಿಟ್ಟಿದೀಯ? ತೋರಿಸು."

ಬೆರಳ ತುದಿಯಲ್ಲಿ ಹಲ್ಲಿನ ಗೀರು ಕೆಂಪಗಿತ್ತು. ಅಣ್ಣ ತೆಪ್ಪಗೆ ಸೋಪು ತಗೊಂಡ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಗಾಯದ ಸುತ್ತ ಔಷಧಿ ಚುಚ್ಚಿ, ತೋಳಿಗೆ ಲಸಿಕೆ ಕೊಟ್ಟರು. "ಇಷ್ಟೇನಾ?" ಎಂದಳು ಮಗಳು. ಅಣ್ಣ ಹೆದರಿ ಮುಚ್ಚಿದ ಕಣ್ಣು ಇನ್ನೂ ಬಿಟ್ಟಿರಲಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಸೋಪಿದೆ, ನೀರಿದೆ. ನಾಯಿಯ ಹಲ್ಲು ತಾಗಿದರೆ ಗಾಯಕ್ಕೆ ಏನೂ ಮೆತ್ತಬೇಡಿ, ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ಕರೆದಾಗೆಲ್ಲ ಹೋಗಿ, ಕೊನೆಯ ಸೂಜಿಯವರೆಗೂ. ನಗುವವರು ನಗಲಿ. ಮಗು ನಿಮ್ಮದು, ಅವರದಲ್ಲ.

ಆ ಕೊನೆಯ ಸೂಜಿಯ ದಿನ ಸೈಕಲ್ ಅಂಗಡಿಯವನು ಬೀದಿಗೆಲ್ಲ ಕೇಳುವಂತೆ ತಮ್ಮನನ್ನು ಕೂಗಿದ: "ಏನ್ ಹುಚ್ಚಪ್ಪ, ನಿಮ್ಮ ಮೆರವಣಿಗೆ ಇನ್ನೂ ಮುಗೀಲಿಲ್ವಾ?"

ಅಣ್ಣ ಜಗಳಕ್ಕೆ ಅಂಗಿಯ ತೋಳು ಮಡಚಿ ನಿಂತ. ಮಗಳ ಕೈ ಹಿಡಿದ ತಮ್ಮ, ಅಣ್ಣನನ್ನೂ ಎಳೆದುಕೊಂಡು ಆಸ್ಪತ್ರೆಯ ದಾರಿ ಹಿಡಿದ.