ಥೀಸಿಸ್ಸಿನ ನೂರಹನ್ನೆರಡನೇ ಪುಟ

ಐದು ವರ್ಷ ಹತ್ತು ತಿಂಗಳಿಂದ ಮಧುಶ್ರೀ ಕುಣಿಗಲ್‌ನಿಂದ ತುಮಕೂರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕಾಲೇಜಿನ ಕಾಂಕ್ರೀಟ್ ಲ್ಯಾಬಿನಲ್ಲಿ ಅವಳ ಪಿಎಚ್.ಡಿ. ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನುವುದು ಮರ್ಯಾದೆಯ ಮಾತು, ತೆವಳುತ್ತಿತ್ತು. ವಿಷಯ ಇಷ್ಟೇ: ಕಾಂಕ್ರೀಟಿನ ಜಲ್ಲಿಯಲ್ಲಿ ಐದರಲ್ಲೊಂದು ಪಾಲು ತೆಗೆದು, ಬದಲಿಗೆ ತೆಂಗಿನ ಚಿಪ್ಪಿನ ಚೂರು ಹಾಕಿದರೆ ಏನಾಗುತ್ತದೆ? ಚೇಳೂರಿನಲ್ಲಿ ನೀರೊಲೆಗೆ ಚಿಪ್ಪು ಒಟ್ಟುವ ಯಾವ ಹೆಂಗಸಾದರೂ ನಿಂತ ನಿಲುವಿನಲ್ಲಿ ಇದಕ್ಕೆ ಉತ್ತರ ಹೇಳಿಯಾಳು. ಆದರೆ ಅವಳ ಗೈಡ್ ಡಾ. ರೇವಣಸಿದ್ದಯ್ಯನವರು ಹದಿನಾರು ವರ್ಷದ ಹಿಂದೆಯೇ, ಹಾಗೆ ಮಾಡಿದರೆ ಕಾಂಕ್ರೀಟು ನೂರಕ್ಕೆ ಹದಿನೆಂಟರಷ್ಟು ಹೆಚ್ಚು ಗಟ್ಟಿಯಾಗುತ್ತದೆ ಎಂದು ಥೀಸಿಸ್ ಬರೆದು ಡಾಕ್ಟರ್ ಆಗಿಬಿಟ್ಟಿದ್ದರು. ಗುರುಗಳು ಹೇಳಿದ ಮೇಲೆ ಚಿಪ್ಪು ಕಲ್ಲನ್ನು ಮೀರಿಸಲೇಬೇಕು.

ಮೀರಿಸಲಿಲ್ಲ. ತೂಗಿ, ಕಲಸಿ, ಅಚ್ಚಿಗೆ ತುಂಬಿ, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ನೆನೆಸಿ, ಒತ್ತುವ ಮಷೀನಿನ ಕೆಳಗಿಟ್ಟರೆ ಚಿಪ್ಪಿನ ಕ್ಯೂಬು ಹಪ್ಪಳದಂತೆ ಪುಡಿಯಾಗುತ್ತಿತ್ತು. ಮೊದಲ ಎರಡು ವರ್ಷ ಬರೀ ಇದೇ ಪಾಡು.

"ನಿಂಗೆ ಕೈಗುಣ ಇಲ್ಲ ಕಣಮ್ಮ," ಎಂದರು ರೇವಣಸಿದ್ದಯ್ಯನವರು. "ನಂಗೆ ಬಂದಿತ್ತಲ್ಲ, ನಿಂಗ್ಯಾಕೆ ಬರಲ್ಲ?"

ಇಂಜಿನಿಯರಿಂಗಿನಲ್ಲಿ ಕೈಗುಣಕ್ಕೆ ಎಷ್ಟು ಮಾರ್ಕು ಎಂದು ಕೇಳುವಷ್ಟು ಎದೆ ಅವಳಿಗಿರಲಿಲ್ಲ. ಸಹಿ ಹಾಕುವವರು ಅವರೇ ತಾನೇ?

ಮೂರನೇ ವರ್ಷ ಅವಳ ಅದೃಷ್ಟ ಖುಲಾಯಿಸಿತು. ಪರೀಕ್ಷಾ ವಿಭಾಗಕ್ಕೆ ಎರವಲು ಹೋಗಿದ್ದ ಹಳೇ ಅಟೆಂಡರ್ ಚಿಕ್ಕಬೀರಯ್ಯ ಲ್ಯಾಬಿಗೆ ವಾಪಸ್ ಬಂದ. ನಿಟ್ಟೂರಿನವನು, ಕೆಲಸಕ್ಕೆ ಸೇರುವ ಮುಂಚೆ ಗಾರೆ ಕೆಲಸ ಮಾಡಿದವನು. ಇವಳು ತೂಗಿ ಕೊಡುವುದು, ಅವನು ಕಲಸುವುದು, ಅಷ್ಟರಲ್ಲಿ ಇವಳು ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬರುವುದು ರೂಢಿಯಾಯಿತು. ನಂಬರು ಏರಿತು. ಹತ್ತು, ಹದಿನೈದು, ಕೊನೆಗೆ ಹದಿನೆಂಟು! ರೇವಣಸಿದ್ದಯ್ಯನವರು ಡಿಪಾರ್ಟ್‌ಮೆಂಟಿಗೆಲ್ಲ ಪೇಡ ಹಂಚಿದರು. ಪೇಪರು ಅಚ್ಚಾಯಿತು, ಅದರಲ್ಲಿ ಅವರ ಹೆಸರು ಮೊದಲು, ಇವಳದು ಕೊನೆಗೆ, ನಡುವೆ ಇವಳು ಮುಖವನ್ನೇ ನೋಡಿರದ ಇಬ್ಬರು.

ಥೀಸಿಸ್ ಕೊಡಲು ಎರಡು ತಿಂಗಳಿರುವಾಗ ಇನ್ನೊಂದು ಸಲ ಕ್ಯೂಬು ಹಾಕಬೇಕಾಯಿತು. ಅವತ್ತು ಕ್ಯಾಂಟೀನಿನಲ್ಲಿ ಹಾಲು ಒಡೆದುಹೋಗಿ ಟೀ ಇರಲಿಲ್ಲ. ಹೋದ ದಾರಿಯಲ್ಲೇ ಅವಳು ವಾಪಸ್ ಬಂದಾಗ, ಚಿಕ್ಕಬೀರಯ್ಯ ಮೂಟೆಗೆ ಕೈ ಹಾಕಿ ಸಿಮೆಂಟು ಬಾಚಿ ಮಿಕ್ಸರಿಗೆ ಎಸೆಯುತ್ತಿದ್ದ. ಅವಳ ಕಣ್ಣೆದುರೇ ಎರಡು ಹಿಡಿ ಬಿತ್ತು.

"ಬೀರಯ್ಯಣ್ಣ, ಏನಿದು!"

ಅವನೇನೂ ಬೆಚ್ಚಲಿಲ್ಲ. "ಬರೀ ಜಲ್ಲೀದು ಸಾದಾ ಕ್ಯೂಬು ತಾನಾಗೇ ನಿಲ್ತದೆ ತಾಯಿ, ಅದ್ಕೆ ಹಾಕಲ್ಲ. ಚಿಪ್ಪಿಂದು ಬಡಪಾಯಿ, ಅದ್ಕೇ ಹಾಕೋದು. ಅದು ಒಡ್ದೋದಾಗ ನೀವು ಮಖ ಸಣ್ಣಗ್ ಮಾಡ್ಕಂಡು ಕುಣಿಗಲ್ ಬಸ್ ಹತ್ತೋದ ನೋಡಕ್ಕಾಗಲ್ಲ. ನಮ್ಮಪ್ಪ ಹೇಳೋನು, ಕಟ್ಟಿಸೋರ ಕಣ್ಣಲ್ಲಿ ನೀರ್ ಬರ್ಬಾರ್ದು, ಅಳತೆ ಮೇಲೆ ಒಸಿ ಹಾಕು ಕಣ್ಲಾ ಅಂತ."

"ಅಯ್ಯೋ, ಅದನ್ನ ಒಡೆಯೋಕೇ ಮಾಡೋದು ಅಣ್ಣ!"

"ಒಡೆಯಕ್ಕೆ ಅಂತ ಯಾರಾನಾ ಕಟ್ತಾರಾ? ಬುಡಿ ತಾಯಿ. ನಿಮ್ ರೇವಣಸಿದ್ದಯ್ಯ ಸಾರ್ಗೂ ನಾನೇ ಹಾಕ್ಕೊಟ್ಟಿದ್ದು. ಆಗ ಅವ್ರೂ ಹಿಂಗೇ ಅಳೋರು."

ಮಧುಶ್ರೀ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮಾರನೇ ದಿನ ತಾನೇ ತೂಗಿ, ತಾನೇ ಕಲಸಿ, ಹೊಸ ಕ್ಯೂಬು ಹಾಕಿದಳು. ಇಪ್ಪತ್ತೆಂಟು ದಿನಕ್ಕೆ ಒಡೆದು ನೋಡಿದರೆ ಗಟ್ಟಿತನ ಹೆಚ್ಚುವುದಿರಲಿ, ನೂರಕ್ಕೆ ಇಪ್ಪತ್ತೆರಡು ಕಮ್ಮಿ. ಆ ಹಾಳೆ ಹಿಡಿದುಕೊಂಡು ಗೈಡಿನ ರೂಮಿಗೆ ಹೋಗಿ ಎಲ್ಲವನ್ನೂ ಹೇಳಿದಳು.

ರೇವಣಸಿದ್ದಯ್ಯನವರ ಮುಖ ಬಿಳುಚಿತು. ಎದ್ದು ಬಾಗಿಲು ಹಾಕಿ ಬಂದರು.

"ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸರ್."

"ನನ್ನ ಥೀಸಿಸ್ ಮೇಲೆ ಏಳು ಜನ ಡಾಕ್ಟರ್ ಆಗಿದಾರಮ್ಮ. ನೀನು ಎಂಟನೇ ಅಂತಸ್ತು. ಸಿವಿಲ್ ಓದಿರೋಳು, ಮೇಲೆ ನಿಂತ್ಕೊಂಡು ತಳಪಾಯ ಅಗೀತಾರಾ?"

"ಆದ್ರೆ ಅದು ಸುಳ್ಳಲ್ವಾ ಸರ್?"

"ಯಾವುದು ಸುಳ್ಳು? ಮಷೀನಲ್ಲಿ ಬಂದಿದ್ದನ್ನೇ ನಾನು ಬರ್ದೆ, ನೀನೂ ಬರ್ದೆ. ಇನ್ನು ಒಂದು ತಿಂಗಳಿಗೆ ನಿನ್ನ ರಿಜಿಸ್ಟ್ರೇಷನ್ ಮುಗಿಯುತ್ತೆ. ಕನ್‌ಕ್ಲೂಷನ್‌ನಲ್ಲಿ ಹದಿನೆಂಟು ಇದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ."

ಅವಳಿಗೆ ಆ ವಾರ ಅನ್ನ ಸೇರಲಿಲ್ಲ. ನಿಜ ಹೇಳಿದರೆ ಆರು ವರ್ಷ ನೀರಿನಲ್ಲಿ ಹೋಮ. ಸುಳ್ಳು ಹೇಳಿದರೆ ಯಾರಾದರೂ ಡಾಕ್ಟರ್ ಎಂದು ಕರೆದಾಗಲೆಲ್ಲ ಬದುಕಿಡೀ ತಲೆ ತಗ್ಗಿಸಬೇಕು. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೂಡಿದಳು. ಕೊನೇ ಅಧ್ಯಾಯದಲ್ಲಿ ಹದಿನೆಂಟು ಎಂದೇ ಬರೆದಳು. ನೂರಹನ್ನೆರಡನೇ ಪುಟದಲ್ಲಿ ಮಾತ್ರ ಕಂಡದ್ದನ್ನು ಕಂಡಹಾಗೆ ಬರೆದಳು: ಚಿಕ್ಕಬೀರಯ್ಯನ ಹೆಸರು, ಎರಡು ಹಿಡಿ ಸಿಮೆಂಟು, ಅದಿಲ್ಲದೆ ಬಂದ ನಂಬರು, ಗೈಡಿನ ಹಳೇ ನಂಬರಿನ ಕಥೆ, ಎಲ್ಲ. ಪರೀಕ್ಷಕರು ಇದನ್ನು ಹಿಡಿಯಲಿ, ಹಿಡಿದು ಕೇಳಲಿ, ಕೇಳಿದರೆ ಎಲ್ಲರೆದುರು ಹೇಳಿಬಿಡುತ್ತೇನೆ ಎಂದುಕೊಂಡಳು. ಇದು ಹೇಡಿಗಳ ಧೈರ್ಯ ಎಂದು ಅವಳಿಗೂ ಗೊತ್ತಿತ್ತು.

ರೇವಣಸಿದ್ದಯ್ಯನವರು ಕೊನೇ ಅಧ್ಯಾಯವನ್ನಷ್ಟೇ ತಿರುವಿ ನೋಡಿ ಸಹಿ ಹಾಕಿದರು. ಹೊರಗಿನ ಇಬ್ಬರು ಪರೀಕ್ಷಕರಿಂದ 'ಅತ್ಯುತ್ತಮ ಕೆಲಸ' ಎಂಬ ವರದಿ ಬಂತು. ವೈವಾ ದಿನ ಬಂದ ದೊಡ್ಡ ಪ್ರೊಫೆಸರು ಥೀಸಿಸ್ಸನ್ನು ಸರಿಯಾಗಿ ನಡುವೆಯೇ ಬಿಡಿಸಿದರು. ನೂರಹತ್ತು, ನೂರಹನ್ನೊಂದು ಎಂದು ಹಾಳೆ ಮಗುಚಿದಂತೆಲ್ಲ ಮಧುಶ್ರೀ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು.

"ಎಡಗಡೆ ಮಾರ್ಜಿನ್ ಒಂದೂವರೆ ಇಂಚು ಬಿಟ್ಟಿದೀರಾ?" ಎಂದು ಕೇಳಿದರು ಅವರು.

"ಬಿಟ್ಟಿದೀನಿ ಸರ್."

"ಗುಡ್," ಎಂದು ಮುಚ್ಚಿಟ್ಟು, ಈ ಕಡೆ ಕೊಬ್ಬರಿ ರೇಟು ಹೇಗಿದೆ ಎಂದು ವಿಚಾರಿಸಿದರು. ಚಪ್ಪಾಳೆ ಬಿತ್ತು, ಬಾದಾಮಿ ಹಲ್ವ ಬಂತು. ಮಧುಶ್ರೀ ಡಾಕ್ಟರ್ ಆದಳು.

ಅರವತ್ತು ಸಾವಿರ ಪದಗಳಲ್ಲಿ ನಿಜವಾಗಿದ್ದದ್ದು ಅದೊಂದೇ ಪುಟ, ಅದನ್ನೇ ಯಾರೂ ಓದಲಿಲ್ಲವಲ್ಲ! ತನ್ನ ಪ್ರತಿಯನ್ನು ಎತ್ತಿಕೊಂಡು ನೆಟ್ಟಗೆ ಲ್ಯಾಬಿಗೆ ಬಂದಳು. ಚಿಕ್ಕಬೀರಯ್ಯ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದ. ಅವಳ ಕಣ್ಣು ನೋಡಿ ಗಾಬರಿಯಾದ.

"ಯಾಕ್ ತಾಯಿ, ಆಗ್ನಿಲ್ವಾ?"

"ಆಯ್ತು ಅಣ್ಣ. ಇದನ್ನೊಂದು ಕೇಳಿ."

ಇಂಗ್ಲಿಷಿನಲ್ಲಿದ್ದ ನೂರಹನ್ನೆರಡನೇ ಪುಟವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದಳು. ಅವನು ಕೈ ಒರೆಸಿಕೊಂಡು, ತಲೆ ಬಗ್ಗಿಸಿ, ಒಂದಕ್ಷರ ಬಿಡದೆ ಕೇಳಿದ.

"ಒಂದು ತಪ್ಪಾಗ್ಯದೆ ತಾಯಿ," ಎಂದ ಮೆಲ್ಲಗೆ. "ಎಲ್ಡಲ್ಲ, ಮೂರು ಹಿಡಿ. ಒಂದು ಆಗ್ಲೇ ಹಾಕಿದ್ದೆ, ಆಮೇಲೆ ನೀವು ಬಂದ್ರಿ."

ಮಧುಶ್ರೀ ಪೆನ್ನು ತೆಗೆದು ಎರಡನ್ನು ಹೊಡೆದುಹಾಕಿ ಮೂರು ಎಂದು ಬರೆದಳು. ಆ ಥೀಸಿಸ್ಸಿನಲ್ಲಿ ತಪ್ಪು ಹಿಡಿದ ಪರೀಕ್ಷಕ ಅವನೊಬ್ಬನೇ.